ತೆರೆದ ಕಾರ್ಡಿನ ನಗೆ: ಅಜ್ಜಾರು, ಅಯ್ಯನವರು ಮತ್ತು ಸಾಲಿಯ ಹುಡುಗರು

ನಗೆ ಕಾರ್ಡು ಎಂದರೆ ಒಂದು ಮಗ್ಗುಲಿಗೆ ವಿಳಾಸ, ಇನ್ನೊಂದು ಮಗ್ಗುಲಿಗೆ ನಗಿಸುವ ಚಿತ್ರ, ಅದರ ಕೆಳಗೆ ಒಂದೆರಡು ಸಾಲಿನ ಮಾತು ಇರುವ, ಲಕೋಟೆಯಿಲ್ಲದೆ ಅಂಚೆಗೆ ಬೀಳುವ ಕಾಗದ. 1869ರ ಅಕ್ಟೋಬರ್ 1ರಂದು ಆಸ್ಟ್ರಿಯಾ-ಹಂಗೇರಿಯಲ್ಲಿ ಮೊದಲ ಅಂಚೆ ಕಾರ್ಡು ಹೊರಬಿದ್ದು, ಮರುವರ್ಷ ಅದೇ ದಿನ ಇಂಗ್ಲೆಂಡಿಗೂ ಬಂದಿತು. 1894ರಲ್ಲಿ ಅಲ್ಲಿ ಖಾಸಗಿ ಮುದ್ರಕರಿಗೆ ಚಿತ್ರದ ಕಾರ್ಡು ಅಚ್ಚು ಹಾಕಲು ಅನುಮತಿ ದೊರೆತ ಮೇಲೆ, ಸಮುದ್ರ ತೀರದ ಊರುಗಳಿಗೆ ರಜೆಗೆ ಹೋದವರು ಮನೆಯವರಿಗೆ ಕಳಿಸುವ ನಗೆಚಿತ್ರಗಳದೇ ಒಂದು ದೊಡ್ಡ ವ್ಯಾಪಾರ ಬೆಳೆಯಿತು. ಆ ಕಾರ್ಡುಗಳಲ್ಲಿ ಪದೇಪದೇ ಕಾಣಿಸಿಕೊಳ್ಳುತ್ತಿದ್ದವರಲ್ಲಿ ಇಬ್ಬರು ಮುಖ್ಯರು: ಸಜ್ಜನನಾದರೂ ಲೋಕದ ಮಾತು ತಟ್ಟನೆ ತಿಳಿಯದ ಹಳ್ಳಿಯ ಪಾದ್ರಿ, ಮತ್ತು ಅವನೆದುರಿಗೆ ಏನೂ ತಿಳಿಯದವನಂತೆ ನಿಂತು ಎಲ್ಲವನ್ನೂ ಹೇಳಿಬಿಡುವ ಚಿಕ್ಕ ಹುಡುಗ. ಈ ಬಗೆಯ ಚಿತ್ರಕಾರರಲ್ಲಿ ಎಲ್ಲರಿಗಿಂತ ಹೆಸರಾದ ಡೊನಾಲ್ಡ್ ಮೆಕ್‌ಗಿಲ್ (1875–1962) ಸಾವಿರಾರು ಕಾರ್ಡುಗಳನ್ನು ಬರೆದನು. 1954ರಲ್ಲಿ ಲಿಂಕನ್ ನಗರದ ನ್ಯಾಯಾಲಯವು ಅವನ ಕೆಲವು ಕಾರ್ಡುಗಳು ಅಶ್ಲೀಲವೆಂದು ತೀರ್ಮಾನಿಸಿ ದಂಡ ಹಾಕಿತು.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸೀಮೆಗೆ ಇಂಥ ಅಚ್ಚಾದ ನಗೆ ಕಾರ್ಡಿನ ವ್ಯಾಪಾರ ಬೇರೂರಲಿಲ್ಲ. ಭಾರತದಲ್ಲಿ 1879ರ ಜುಲೈ 1ರಂದು ಕಾಲಾಣೆ ಬೆಲೆಗೆ ಬಂದ ಅಂಚೆ ಕಾರ್ಡು ಇಲ್ಲಿ ಮೊದಲಿನಿಂದಲೂ ಸುದ್ದಿಯ ವಾಹಕವಾಗಿತ್ತು. ಮದುವೆಯ ಸುದ್ದಿಯಾದರೆ ಮೂಲೆಗೆ ಅರಿಸಿನ ಹಚ್ಚುವುದು, ಸಾವಿನ ಸುದ್ದಿಯಾದರೆ ಮೂಲೆ ಹರಿಯುವುದು, ಹೀಗೆ ಓದುವ ಮೊದಲೇ ಸುದ್ದಿಯ ಬಣ್ಣ ತಿಳಿಸುವ ರೂಢಿಗಳೂ ಬೆಳೆದಿದ್ದವು. ಅಚ್ಚಾದ ಚಿತ್ರಗಳು ಬಂದದ್ದು ಬೇರೆ ದಾರಿಯಿಂದ. 1878ರಲ್ಲಿ ಆರಂಭವಾದ ಪುಣೆಯ ಚಿತ್ರಶಾಲಾ ಮುದ್ರಣಾಲಯ, 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ರವಿವರ್ಮ ಮುದ್ರಣಾಲಯ ಇವುಗಳ ದೇವರ ಪಟಗಳು ದಕ್ಷಿಣ ಮಹಾರಾಷ್ಟ್ರದೊಡನೆ ವ್ಯವಹಾರವಿದ್ದ ಈ ಊರುಗಳ ಗೋಡೆಗಳನ್ನು ತುಂಬಿದವು. ಮುಂದೆ ಸಂಕ್ರಾಂತಿಯ ಹೊತ್ತಿಗೆ ಅಂಗಡಿಗಳ ಮುಂದೆ ದಾರಕ್ಕೆ ತೂಗುಬಿದ್ದ ಶುಭಾಶಯ ಪತ್ರಗಳು ಬಂದವು; ಅವುಗಳ ಜೊತೆಗೆ ನಾಲ್ಕು ಕಾಳು ಕುಸುರೆಳ್ಳು, ಅಂದರೆ ಸಕ್ಕರೆಯ ಮುಳ್ಳು ಬಂದ ಎಳ್ಳು, ಇಟ್ಟು ಗೆಳೆಯರಿಗೆ ಕಳಿಸುವುದು ಶಾಲೆಯ ಮಕ್ಕಳ ಹಬ್ಬದ ದೊಡ್ಡ ಸಂಭ್ರಮವಾಗಿತ್ತು. ಇವೆಲ್ಲವುಗಳ ನಡುವೆ ಅಂಗಡಿಯಲ್ಲಿ ಸಿಗದ ಇನ್ನೊಂದು ಬಗೆಯ ಕಾರ್ಡು ಇತ್ತು. ಅದು ಸರಕಾರದ ಸಾದಾ ಕಾರ್ಡಿನ ಮೇಲೆ ಕೈಯಿಂದ ಬರೆದ ನಗೆಚಿತ್ರ. ಬರೆದವರು ಯಾರು, ಬಂದದ್ದು ಯಾರಿಗೆ, ನಗೆಗೆ ಈಡಾದವರು ಯಾರು ಎಂಬುದು ಮೂರೂ ಕಡೆಯವರಿಗೆ ಗೊತ್ತಿದ್ದ ನಗೆ ಅದು.

ಅಂಥ ಕೆಲವು ಕಾರ್ಡುಗಳು ಇತ್ತೀಚೆಗೆ ಮತ್ತೆ ಬೆಳಕಿಗೆ ಬಂದಿವೆ. ಗದಗಿನ ಹಳೆಯ ದಲಾಲಿ ಅಂಗಡಿಯೊಂದನ್ನು, ಅಂದರೆ ರೈತರ ಹತ್ತಿ, ಶೇಂಗಾ, ಮೆಣಸಿನಕಾಯಿಗಳನ್ನು ಕಮಿಷನ್ನಿನ ಮೇಲೆ ಮಾರಿಸಿಕೊಡುವ ಅಂಗಡಿಯನ್ನು, ತೆರವು ಮಾಡುವಾಗ ಗೋಡೆಯ ಮೊಳೆಗೆ ತೂಗುಹಾಕಿದ್ದ ಟಪಾಲಿನ ತಂತಿಯೊಂದು ದೊರೆಯಿತು. ಕೆಳಗೆ ಮರದ ಬಿಲ್ಲೆ, ಮೇಲೆ ಕೊಕ್ಕೆ ಇರುವ ಆ ತಂತಿಗೆ ಬಂದ ಕಾಗದಗಳನ್ನು ಬಂದ ಕ್ರಮದಲ್ಲಿ ಚುಚ್ಚಿಡುವುದು ಆ ಕಾಲದ ಎಲ್ಲ ಅಂಗಡಿಗಳ ಪದ್ಧತಿ. ಧಾರಣೆ ವಿಚಾರಿಸಿದ ಪತ್ರಗಳು, ಚೀಲ ಮುಟ್ಟಿದ ಪಾವತಿಗಳು, ಲಗ್ನದ ಕರೆಗಳು, ಇವುಗಳ ನಡುವೆ 1960 ಮತ್ತು 70ರ ದಶಕಗಳ ಕೆಲವು ಚಿತ್ರದ ಕಾರ್ಡುಗಳು ಇದ್ದವು. ಅಂಗಡಿಯವರು ಅವುಗಳನ್ನು ಬೇರೆಯಾಗಿ ತೆಗೆದಿಡದೆ ಉಳಿದ ಟಪಾಲಿನ ಜೊತೆಗೇ ಚುಚ್ಚಿದ್ದರಿಂದ ಪ್ರತಿಯೊಂದು ಚಿತ್ರದ ನಟ್ಟನಡುವೆ ತುಕ್ಕಿನ ಅಂಚಿನ ತೂತು ಬಿದ್ದಿದೆ. ಆ ಮನೆತನದಲ್ಲಿ ಬೆಳೆದ ಈ ಬರಹದ ಲೇಖಕನ ಬಾಲ್ಯದ ಒಂದು ದೊಡ್ಡ ಭಾಗ ಆ ತಂತಿಯ ಮೇಲೆಯೇ ಇತ್ತು ಎನ್ನಬಹುದು. ಗಾದಿಯ ಮೇಲೆ ಕುಳಿತ ಹಿರಿಯರಿಗೆ ಕಾರ್ಡು ಓದಿ ಹೇಳುವ ಕೆಲಸ ಮನೆಯ ಹುಡುಗರಿಗೆ ಬರುತ್ತಿತ್ತು.

ಚಿತ್ರ ಬರೆದವರು ಲಕ್ಷ್ಮೇಶ್ವರದ ಕಡೆಯ ಒಬ್ಬ ಡ್ರಾಯಿಂಗ್ ಮಾಸ್ತರರು. ಮುಂಬಯಿ ಇಲಾಖೆಯ ಕಾಲದಲ್ಲಿ ಚಿತ್ರಕಲೆಯ ಗ್ರೇಡ್ ಪರೀಕ್ಷೆಗಳಿಗೆ ಕುಳಿತು ತೇರ್ಗಡೆಯಾಗಿ, ಹೂಜಿ, ಬಾಳೆಹಣ್ಣು, ಮಡಚಿದ ಕೊಡೆಗಳನ್ನು ಇದ್ದಂತೆ ಬರೆಯುವುದನ್ನು ಮಕ್ಕಳಿಗೆ ಕಲಿಸುತ್ತಿದ್ದ ಅವರು, ಶಾಲೆಯ ಹೊರಗೆ ಇದ್ದಂತೆ ಬರೆಯುವುದನ್ನು ಬಿಟ್ಟು ಕಂಡಂತೆ ಬರೆಯುತ್ತಿದ್ದರು. ಉದ್ದ 14 ಸೆಂಟಿಮೀಟರ್, ಅಗಲ 9 ಸೆಂಟಿಮೀಟರ್ ಇರುವ ಕಾರ್ಡಿನಲ್ಲಿ ಅವರ ಚಿತ್ರಕ್ಕೆ ಮುಕ್ಕಾಲು ಜಾಗ, ಕ್ಷೇಮಸಮಾಚಾರಕ್ಕೆ ಉಳಿದ ಕಾಲು. ನಿಬ್ಬಿನ ಲೇಖನಿ, ಕರಿ ಮಸಿ, ಇಷ್ಟೇ ಅವರ ಸಾಮಗ್ರಿ. ಬಣ್ಣ ಬಳಸಿದರೆ ಅದು ಅಂಗಾರದ, ಅಂದರೆ ವಿಭೂತಿಯ, ಬಿಳಿಗಾಗಿ ಬಿಟ್ಟ ಕಾರ್ಡಿನ ಬಣ್ಣ ಮಾತ್ರ. ಟಪಾಲಿನವರು ದಾರಿಯಲ್ಲೇ ನೋಡಿ ನಕ್ಕು, ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಚಿತ್ರದಲ್ಲಿದ್ದ ಮಾತನ್ನು ಕೂಗಿ ಹೇಳುತ್ತಿದ್ದರು. ದಿವಾನಜಿ, ಅಂದರೆ ಲೆಕ್ಕ ಬರೆಯುವ ಗುಮಾಸ್ತರು, ಲೇಖನಿ ಕೆಳಗಿಡುತ್ತಿದ್ದರು. ಚೀಲ ಹೊರುವ ಹಮಾಲರೂ ಬಂದು ಬಗ್ಗಿ ನೋಡುತ್ತಿದ್ದರು.

ಅವರ ಚಿತ್ರಗಳ ಮೊದಲ ವಸ್ತು ಮಠ. ಈ ಸೀಮೆಯಲ್ಲಿ ಮಠವೆಂದರೆ ಪೂಜೆಯ ಸ್ಥಳ ಮಾತ್ರವಲ್ಲ. ಅದು ಊಟದ ಮನೆ, ವಸತಿ ಶಾಲೆ, ನ್ಯಾಯ ಹೇಳುವ ಕಟ್ಟೆ, ಜಾತ್ರೆಯ ಯಜಮಾನ. ಗದಗ ಮತ್ತು ಡಂಬಳದ ತೋಂಟದಾರ್ಯ ಮಠ, ಮುಂಡರಗಿಯ ಅನ್ನದಾನೀಶ್ವರ ಮಠ, ಹಿಂದೂಗಳೂ ಮುಸಲ್ಮಾನರೂ ಒಂದೇ ಭಕ್ತಿಯಿಂದ ನಡೆದುಕೊಳ್ಳುವ ಶಿರಹಟ್ಟಿಯ ಫಕೀರೇಶ್ವರ ಮಠ, ಅಂಧ ಮಕ್ಕಳಿಗೆ ಸಂಗೀತ ಕಲಿಸಿದ ಗದಗಿನ ವೀರೇಶ್ವರ ಪುಣ್ಯಾಶ್ರಮ, ಇವು ದೊಡ್ಡ ಹೆಸರುಗಳು. ಇವುಗಳ ಜೊತೆಗೆ ಹಳ್ಳಿಗೊಂದರಂತೆ ಸಣ್ಣ ಮಠಗಳಿದ್ದವು. ಮಠಾಧಿಪತಿಗಳನ್ನು ಜನ ಅಜ್ಜಾರು ಎಂದು ಕರೆಯುವರು. ಹಳ್ಳಿಯ ಮನೆಗಳಲ್ಲಿ ಪೂಜೆ, ಲಿಂಗದೀಕ್ಷೆ, ಮದುವೆ ಮಾಡಿಸುವ ಜಂಗಮ ಕುಲದ ಗೃಹಸ್ಥ ಪುರೋಹಿತರು ಅಯ್ಯನವರು. ಅವರಲ್ಲಿ ಬಡವರು ಮೊಣಕಾಲ ಕೆಳಗೆ ಜಂಗು ಎಂಬ ಗಂಟೆ ಕಟ್ಟಿ, ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಬೇಡುವ ಭಿಕ್ಷೆಗೆ ಕೋರಾನ್ನವೆಂದು ಹೆಸರು. ಮಠದ ಮುಂದಿನ ಅಧಿಕಾರಕ್ಕೆಂದು ಚಿಕ್ಕಂದಿನಲ್ಲೇ ತಂದು ಬೆಳೆಸುವ ಹುಡುಗ ಮರಿದೇವರು. ಮಾಸ್ತರರ ಲೇಖನಿಗೆ ಈ ಮೂವರೂ ಸಿಕ್ಕಿದ್ದಾರೆ.

ತಂತಿಯಲ್ಲಿ ಉಳಿದ ಕಾರ್ಡುಗಳಲ್ಲಿ ಒಂದು ಅಡ್ಡಪಲ್ಲಕ್ಕಿಯದು. ಅಡ್ಡಪಲ್ಲಕ್ಕಿ ಎಂದರೆ ದಾರಿಗುಂಟ ಉದ್ದಕ್ಕೆ ಹೋಗದೆ ದಾರಿಗೆ ಅಡ್ಡಲಾಗಿ ಹೊರುವ ಪಲ್ಲಕ್ಕಿ. ಹಿರಿಯ ಪೀಠಗಳವರಿಗೆ ಮಾತ್ರ ಸಲ್ಲುವ ಮರ್ಯಾದೆಯಾದ್ದರಿಂದ ಅದರ ಹಕ್ಕಿಗಾಗಿ ಊರೂರುಗಳಲ್ಲಿ ಜಗಳಗಳೂ ಆಗಿವೆ. ಚಿತ್ರದಲ್ಲಿ ಆ ಪಲ್ಲಕ್ಕಿಯ ದಂಡಿಗೆ ಇಕ್ಕಟ್ಟಾದ ಓಣಿಯ ಎರಡು ಮನೆಗಳ ಕಟ್ಟೆಗಳ ನಡುವೆ ಸಿಕ್ಕಿಕೊಂಡಿದೆ. ಹೊತ್ತವರ ಕಣ್ಣು ಹೊರಗೆ ಬಂದಿವೆ, ಕಹಳೆಯವನ ಗಲ್ಲ ಉಬ್ಬಿದ್ದು ಉಬ್ಬಿದಂತೆಯೇ ನಿಂತಿದೆ, ಮೇಲೆ ಕುಳಿತ ಅಜ್ಜಾರು ಮಾತ್ರ ಆಶೀರ್ವಾದದ ಕೈ ಇಳಿಸದೆ ಗಂಭೀರರಾಗಿ ನೋಡುತ್ತಿದ್ದಾರೆ. ಪಲ್ಲಕ್ಕಿಯ ನೆರಳಿನಲ್ಲಿ ಚುರಮುರಿ ತಿನ್ನುತ್ತ ಕುಳಿತ ಹುಡುಗನೊಬ್ಬ ತಲೆಯೆತ್ತಿ, “ಅಜ್ಜಾರ, ಪಲ್ಲಕ್ಕಿ ತಿರುಗಸೂಣೇನ್ರಿ, ಮನಿ ಕೆಡವೂಣೇನ್ರಿ?” ಎಂದು ಕೇಳುತ್ತಾನೆ. ಹುಡುಗನ ಮುಖದಲ್ಲಿ ಕುಚೋದ್ಯದ ಗೆರೆಯೇ ಇಲ್ಲ. ಎರಡರಲ್ಲಿ ಯಾವುದನ್ನು ಹೇಳಿದರೂ ಅವನು ಮಾಡಲು ತಯಾರಾಗಿದ್ದಾನೆ. ಭಕ್ತಿ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಆ ಒಂದು ಪ್ರಶ್ನೆ ಹೇಳುತ್ತದೆ, ಆದರೆ ಭಕ್ತಿಯನ್ನು ತುಚ್ಛ ಮಾಡುವುದಿಲ್ಲ.

ಬೆಟಗೇರಿಯ ಪಾದ್ರಿಗಳೂ ಈ ಬಳಗದವರೇ. ಬಾಸೆಲ್ ಮಿಷನ್ 19ನೆಯ ಶತಮಾನದಲ್ಲಿ ಬೆಟಗೇರಿಯಲ್ಲಿ ನೆಲೆಯೂರಿ ಚರ್ಚು, ಶಾಲೆಗಳನ್ನು ನಡೆಸಿತು. ಅದರ ಆಸ್ಪತ್ರೆಯನ್ನು ಜನ ಇಂದಿಗೂ ಜರ್ಮನ್ ದವಾಖಾನೆ ಎನ್ನುವರು. ಕ್ರೈಸ್ತ ಸಭೆಯವರ ಸುಗ್ಗಿಯ ಹಬ್ಬದಲ್ಲಿ ಭಕ್ತರು ತಂದು ಒಪ್ಪಿಸಿದ ಜೋಳ, ಕುಂಬಳಕಾಯಿ, ಕೋಳಿಗಳನ್ನು ಹರಾಜು ಹಾಕುವ ಪದ್ಧತಿಯುಂಟು. ಒಂದು ಕಾರ್ಡಿನಲ್ಲಿ ಹರಾಜಿನ ಹುಂಜ ಕೈ ತಪ್ಪಿಸಿಕೊಂಡು ಪ್ರಸಂಗ ಪೀಠವನ್ನೇರಿದೆ. ಪಾದ್ರಿಗಳು ನಿಲುವಂಗಿ ಎತ್ತಿ ಹಿಡಿದು ಹಿಂದೆ ಓಡುತ್ತಿದ್ದಾರೆ. ಮುಂದಿನ ಸಾಲಿನ ಮಕ್ಕಳು ಸಾಲಾಗಿ ಕೈ ಮುಗಿದು ಹುಂಜದ ಪ್ರಸಂಗಕ್ಕಾಗಿ ಕಾದಿದ್ದಾರೆ. ಮಾಸ್ತರರಿಗೆ ಆ ಪಾದ್ರಿಗಳೊಡನೆ ಬಳಕೆಯಿತ್ತು. ಯಾರ ಮನೆಯಲ್ಲಿ ತಾವು ಉಂಡಿಲ್ಲವೋ ಅವರ ಚಿತ್ರ ಬರೆಯಬಾರದು ಎಂಬುದು ಅವರು ಅಂಗಡಿಯ ಗಾದಿಯ ಮೇಲೆ ಹಲವು ಸಲ ಹೇಳಿದ ನಿಯಮ.

ಎರಡನೆಯ ವಸ್ತು ಶಾಲೆ. ಸರಕಾರದ ಕನ್ನಡ ಶಾಲೆಗಳು ಎಲ್ಲ ಹಳ್ಳಿಗಳನ್ನು ಮುಟ್ಟುವ ಮೊದಲು, ಮುಟ್ಟಿದ ಮೇಲೂ ಕೆಲವು ಕಾಲ, ಅಯ್ಯನವರೊಬ್ಬರು ಗುಡಿಯ ಪೌಳಿಯಲ್ಲೋ ಮಠದ ಪಡಸಾಲೆಯಲ್ಲೋ ಮಕ್ಕಳನ್ನು ಕೂಡಿಸಿ ಉಸುಕಿನ ಮೇಲೆ ಅಕ್ಷರ ತಿದ್ದಿಸುವ ಗಾಂವಠಿ ಸಾಲಿಗಳಿದ್ದವು. ಗಾಂವಠಿ ಎಂದರೆ ಊರಿನವರೇ ನಡೆಸುವುದು. ಸಂಬಳಕ್ಕೆ ಬದಲು ಕಾಳುಕಡಿ. ಮಾಸ್ತರರು ತಾವು ಕಲಿತ ಅಂಥ ಸಾಲಿಯನ್ನು ನೆನಪಿನಿಂದ ಬರೆದ ಕಾರ್ಡಿನಲ್ಲಿ ಅಯ್ಯನವರು ಕಂಬಕ್ಕೆ ಒರಗಿ ನಿದ್ದೆ ಹೋಗಿದ್ದಾರೆ, ತೊಡೆಯ ಮೇಲೆ ಬೆತ್ತ ಅಡ್ಡ ಬಿದ್ದಿದೆ, ಹುಡುಗರು ಒಬ್ಬೊಬ್ಬರಾಗಿ ಕಿಟಕಿ ಹಾರುತ್ತಿದ್ದಾರೆ. ಒಳಗೆ ಉಳಿದ ಇಬ್ಬರು ಬಾಯಿ ಅಗಲಿಸಿ ಮಗ್ಗಿ ಒದರುತ್ತಿದ್ದರೆ ಕಿಟಕಿಯಲ್ಲಿ ಕುಳಿತವನು ಅವರಿಗೆ, “ಮಗ್ಗಿ ನಿಂತರ ಎಚ್ಚರ ಆಗ್ತಾರ, ನಿಲ್ಲಸಬ್ಯಾಡ್ರಲೇ” ಎನ್ನುತ್ತಿದ್ದಾನೆ. ಆ ಸಾಲಿಯಲ್ಲಿ ಕುಳಿತು ಬಂದವರಿಗಷ್ಟೇ ಹೊಳೆಯುವ ಸಂಗತಿ ಅದು: ಗದ್ದಲವಿದ್ದಷ್ಟು ಹೊತ್ತು ಅಯ್ಯನವರಿಗೆ ನಿದ್ದೆ, ಸದ್ದು ನಿಂತರೆ ಎಚ್ಚರ.

ಮೂರನೆಯ ಬಗೆಯ ಕಾರ್ಡುಗಳಲ್ಲಿ ಮಠ ಮತ್ತು ಮಗು ಒಂದೇ ದೇಹದಲ್ಲಿ ಕೂಡಿರುತ್ತವೆ. ಮುಂಡರಗಿ ಕಡೆಯ ಒಂದು ಸಣ್ಣ ಮಠಕ್ಕೆ ಮರಿಯಾಗಿ ಬಂದ ಹುಡುಗನಿಗೆ ಮಾಸ್ತರರು ಕೆಲವು ಕಾಲ ಪಾಠ ಹೇಳಿದ್ದರು. ಅವನನ್ನು ಕುರಿತ ಚಿತ್ರಗಳಲ್ಲಿ ರುಮಾಲು ಕಣ್ಣಿನ ಮೇಲೆ ಜಾರಿದೆ, ಆವಿಗೆಗಳು, ಅಂದರೆ ಕಟ್ಟಿಗೆಯ ಪಾದುಕೆಗಳು, ಕಾಲಿಗಿಂತ ಎರಡು ಬೆರಳು ಉದ್ದವಾಗಿವೆ, ಎಪ್ಪತ್ತು ವರ್ಷದ ಮುದುಕರು ಸಾಲುಗಟ್ಟಿ ಪಾದಕ್ಕೆ ಹಣೆ ಹಚ್ಚುತ್ತಿದ್ದಾರೆ, ಹುಡುಗನ ಕಣ್ಣು ಬಾಗಿಲಾಚೆ ಬುಗುರಿ ಆಡುವವರ ಮೇಲೆ ನೆಟ್ಟಿದೆ. ಆ ಹುಡುಗ ಬೆಳೆದು ಪಟ್ಟಕ್ಕೆ ಬಂದ ಮೇಲೆ, ರುಮಾಲು ಈಗ ಸರಿಯಾಗಿ ಕೂಡುತ್ತದೆ, ಮಾಸ್ತರರು ಇನ್ನೊಮ್ಮೆ ಚಿತ್ರ ಬರೆಯಬೇಕು ಎಂದು ಕಾರ್ಡು ಹಾಕಿದರು. ಮಾಸ್ತರರು ಅದನ್ನು ಜೇಬಿನಲ್ಲಿಟ್ಟು ತಂದು ಅಂಗಡಿಯಲ್ಲಿ ಎಲ್ಲರಿಗೂ ಓದಿ ತೋರಿಸಿದರು. ನಗೆಗೆ ಈಡಾದವರು ನಗೆಯನ್ನು ಒಪ್ಪಿಕೊಂಡುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಇಂಥ ನಗೆಗೆ ಈ ನೆಲದಲ್ಲಿ ಹಳೆಯ ಬೇರುಗಳಿವೆ. 12ನೆಯ ಶತಮಾನದ ಶರಣರು ವೇಷದ ಭಕ್ತಿಯನ್ನು ನಿಷ್ಠುರವಾಗಿ ಪ್ರಶ್ನಿಸಿದರು. ಲಕ್ಷ್ಮೇಶ್ವರಕ್ಕೆ ಬಹಳ ದೂರವಲ್ಲದ ಶಿಶುನಾಳದಲ್ಲಿ ಹುಟ್ಟಿ ಕಳಸದ ಗೋವಿಂದ ಭಟ್ಟರ ಶಿಷ್ಯರಾದ ಶರೀಫ ಸಾಹೇಬರು (1819–1889) ಎರಡೂ ಮತಗಳ ಆಡಂಬರವನ್ನು ಹಾಡಿನಲ್ಲಿ ಕೆಣಕಿದರು. ಗದಗಿನ ಪಿ. ಸಿ. ಶಾಬಾದಿಮಠ ಬುಕ್ ಡಿಪೋ ಅಚ್ಚು ಹಾಕಿಸಿದ ಬಯಲಾಟ, ಸಣ್ಣಾಟಗಳ ಪುಸ್ತಕಗಳು ಹಳ್ಳಿಯ ಹಾಸ್ಯವನ್ನು ಊರೂರಿಗೆ ಒಯ್ದವು. ರಾಶಿ ಎಂಬ ಹೆಸರಿನಿಂದ ಬರೆಯುತ್ತಿದ್ದ ಡಾ. ಎಂ. ಶಿವರಾಂ ಅವರು 1942ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ‘ಕೊರವಂಜಿ’ ಮಾಸಪತ್ರಿಕೆಯು ನಗೆಚಿತ್ರಗಳಿಗೆ ಕನ್ನಡದಲ್ಲಿ ಒಂದು ನೆಲೆ ಒದಗಿಸಿತು, ಆರ್. ಕೆ. ಲಕ್ಷ್ಮಣರ ಆರಂಭದ ಚಿತ್ರಗಳು ಅಲ್ಲಿ ಬಂದವು. ನೆರೆಯ ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿಯವರ (1913–1980) ತಿಮ್ಮ ದೊಡ್ಡವರ ಮಾತನ್ನು ತಲೆಕೆಳಗು ಮಾಡುವ ಜಾಣ ದಡ್ಡನಾಗಿ ಮನೆಮಾತಾದನು. ಮಾಸ್ತರರ ಹುಡುಗರು ಈ ಬಳಗಕ್ಕೆ ಸೇರಿದವರು. ಆದರೆ ಪತ್ರಿಕೆಯ ನಗೆ ಅಪರಿಚಿತ ಓದುಗರಿಗೆ ಹೋಗುತ್ತದೆ. ಮೆಕ್‌ಗಿಲ್‌ನ ಕಾರ್ಡೂ ಹಾಗೆಯೇ, ಬರೆದವನಿಗೆ ಕೊಂಡವನು ಗೊತ್ತಿಲ್ಲ, ಚಿತ್ರದ ಪಾದ್ರಿ ಯಾವ ಊರಿನವನೂ ಅಲ್ಲ. ಮಾಸ್ತರರ ಕಾರ್ಡು ಹೋಗುತ್ತಿದ್ದುದು ಹೆಸರಿದ್ದವರಿಂದ ಹೆಸರಿದ್ದವರಿಗೆ. ಅಂಚೆಯಲ್ಲಿ ಅಶ್ಲೀಲ ಮತ್ತು ನಿಂದೆಯ ವಸ್ತುಗಳನ್ನು ಕಳಿಸುವುದನ್ನು 1898ರ ಅಂಚೆ ಕಾಯಿದೆ ನಿಷೇಧಿಸಿತ್ತು, ಆದರೆ ಮಾಸ್ತರರ ಲೇಖನಿಗೆ ಅಂಕೆಯಾದದ್ದು ಕಾಯಿದೆಯಲ್ಲ. ಟಪಾಲಿನವರು, ಹಮಾಲರು, ಕೊನೆಗೆ ಅಜ್ಜಾರೂ ನೋಡುವರು ಎಂಬ ಅರಿವು.

ಹೀಗಿದ್ದರೂ ಈಗ ಆ ಕಾರ್ಡುಗಳನ್ನು ಸಾಲಾಗಿ ಹರಡಿ ನೋಡಿದಾಗ ಬಾಲ್ಯದಲ್ಲಿ ಕಾಣದ ಕೆಲವು ಸಂಗತಿಗಳು ಎದ್ದು ಕಾಣುತ್ತವೆ, ಮತ್ತು ಅವುಗಳನ್ನು ಮುಚ್ಚಿಡುವುದು ಮಾಸ್ತರರ ನೆನಪಿಗೂ ಮರ್ಯಾದೆಯಲ್ಲ. ಮೊದಲನೆಯದು, ಅಜ್ಜಾರ ಚಿತ್ರಗಳಲ್ಲಿ ಪಲ್ಲಕ್ಕಿ ಸಿಕ್ಕಿಬೀಳುತ್ತದೆ, ಅಜ್ಜಾರು ಸಿಕ್ಕಿಬೀಳುವುದಿಲ್ಲ. ಜೋಳಿಗೆಯ ಬಡ ಅಯ್ಯನ ಚಿತ್ರಗಳಲ್ಲಿ ನಗೆ ಬೀಳುವುದು ಅವನ ಹಸಿವಿನ ಮೇಲೆ. ಕೋರಾನ್ನಕ್ಕೆ ಬಂದವನು ಹೋಳಿಗೆಯ ವಾಸನೆ ಹಿಡಿದು ಓಣಿ ಬದಲಿಸುವ ಚಿತ್ರ ಅಂಗಡಿಯಲ್ಲಿ ಎಲ್ಲರನ್ನೂ ನಗಿಸಿತ್ತು, ಆದರೆ ಜಂಗು ಕಟ್ಟಿದ ಆ ಕಾಲು ಅಂದು ಎಷ್ಟು ಹಳ್ಳಿ ತಿರುಗಿತ್ತು ಎಂದು ಯಾರೂ ಕೇಳಲಿಲ್ಲ. ಎರಡನೆಯದು, ಶಾಲೆಯ ಚಿತ್ರಗಳಲ್ಲಿ ಬೆತ್ತ ಒಂದು ಆಟಿಕೆ. ನಿಜದಲ್ಲಿ ಗಾಂವಠಿ ಸಾಲಿಯ ಶಿಕ್ಷೆಗಳಲ್ಲಿ ಕೋದಂಡವೂ ಒಂದು. ಹುಡುಗನ ಕೈಗಳನ್ನು ಹಗ್ಗಕ್ಕೆ ಕಟ್ಟಿ ತೊಲೆಗೆ ಜಗ್ಗಿ ನೇತುಹಾಕುವುದಕ್ಕೆ ಆ ಹೆಸರು. ಅದನ್ನು ಕಂಡುಂಡವರು ಅದನ್ನೇ ಹೇಳಿ ನಗುತ್ತಿದ್ದರು, ಏಕೆಂದರೆ ಅಳುವುದಕ್ಕೆ ಅವರಿಗೆ ಯಾರೂ ಜಾಗ ಕೊಟ್ಟಿರಲಿಲ್ಲ. ಮೂರನೆಯದು, ಉಳಿದ ಕಾರ್ಡುಗಳಲ್ಲಿ ಹುಡುಗಿಯೇ ಇಲ್ಲ; ಇದ್ದರೆ ಅವಳು ಕೊಡ ಹೊತ್ತು ಚಿತ್ರದ ಅಂಚಿನಲ್ಲಿ ಹಾದುಹೋಗುತ್ತಾಳೆ, ಅವಳಿಗೆ ಮಾತು ಕೊಟ್ಟಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಗಂಭೀರವಾದದ್ದು. ಉಂಡ ಮನೆಯವರ ಚಿತ್ರ ಮಾತ್ರ ಬರೆಯಬೇಕೆಂಬ ಮಾಸ್ತರರ ನಿಯಮವು ಅವರ ನಗೆಗೆ ಸೌಜನ್ಯ ತಂದಿತು. ಅದೇ ನಿಯಮವು ಅವರು ಉಣ್ಣದ ಮನೆಗಳನ್ನು ಚಿತ್ರದಿಂದ ಹೊರಗಿಟ್ಟಿತು. ಕೇರಿಯ ಮಕ್ಕಳು, ಪಡಸಾಲೆಯ ಹೊರಗೆ ನಿಂತು ಮಗ್ಗಿ ಕೇಳಿಸಿಕೊಂಡ ಮಕ್ಕಳು, ಆ ಕಾರ್ಡುಗಳಲ್ಲಿ ನಗೆಗೂ ಇಲ್ಲ, ನಗುವವರಲ್ಲೂ ಇಲ್ಲ. ಪರಸ್ಪರರನ್ನು ನೋಡಿ ನಗುವ ಸಲಿಗೆ ಸಹಪಂಕ್ತಿಯ ಎಲ್ಲೆಯವರೆಗೆ ಮಾತ್ರ ಹರಡಿತ್ತು. ಮರಿದೇವರ ಚಿತ್ರಗಳನ್ನೂ ಈಗ ಬೇರೆಯಾಗಿ ಓದಬೇಕಾಗುತ್ತದೆ. ಮನೆ, ತಾಯಿ, ಆಟ, ಮುಂದೆ ಸಂಸಾರ, ಇಷ್ಟನ್ನೂ ಬಿಡುವ ತೀರ್ಮಾನವನ್ನು ಹಿರಿಯರು ಮಾಡಿದ್ದರು. ಹುಡುಗನನ್ನು ಯಾರೂ ಕೇಳಿರಲಿಲ್ಲ. ಬುಗುರಿಯ ಕಡೆಗೆ ಹೊರಳಿದ ಆ ಕಣ್ಣನ್ನು ಬರೆದ ಮಾಸ್ತರರಿಗೆ ಅದು ಗೊತ್ತಿರಲಿಲ್ಲವೆನ್ನಲಾಗದು. ನಗೆಯ ನೆಪದಲ್ಲಿ ಹೇಳದೆ ಬೇರೆ ರೀತಿಯಲ್ಲಿ ಹೇಳಲು ಆ ಕಾಲದ ಒಬ್ಬ ಶಾಲಾ ಮಾಸ್ತರರಿಗೆ ದಾರಿಯಿರಲಿಲ್ಲ.

ಧಾರವಾಡ ಜಿಲ್ಲೆಯಲ್ಲಿದ್ದ ಈ ಊರುಗಳು 1997ರಿಂದ ಗದಗ ಜಿಲ್ಲೆಗೆ ಸೇರಿವೆ. ಬದಲಾದದ್ದು ಜಿಲ್ಲೆಯ ಹೆಸರು ಮಾತ್ರವಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯು ಶಾಲೆಯಲ್ಲಿ ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದನ್ನು ನಿಷೇಧಿಸಿದೆ. ಚಿತ್ರದ ಅಂಚಿನಲ್ಲಿ ಕೊಡ ಹೊತ್ತಿದ್ದ ಹುಡುಗಿಯ ಮೊಮ್ಮಗಳು ಇಂದು ಸೈಕಲ್ ಏರಿ ಹೈಸ್ಕೂಲಿಗೆ ಹೋಗುತ್ತಾಳೆ. ಇವು ನಿಜವಾದ ಗಳಿಕೆಗಳು, ಹಳೆಯ ಕಾಲವನ್ನು ಎಷ್ಟು ಪ್ರೀತಿಸಿದರೂ ಇವನ್ನು ಬಿಟ್ಟುಕೊಡಲಾಗದು. ಆದರೆ ನಗೆಯ ಮಟ್ಟಿಗೆ ಕಳೆದುಕೊಂಡದ್ದೂ ಇದೆ. ಅಂಚೆ ಕಾರ್ಡು 50 ಪೈಸೆಗೆ ಈಗಲೂ ಸಿಗುತ್ತದೆಯಾದರೂ ಸ್ವಾಮಿಗಳನ್ನೂ ಮಕ್ಕಳನ್ನೂ ಕುರಿತ ನಗೆಚಿತ್ರಗಳು ಹರಿದಾಡುವುದು ಮೊಬೈಲಿನಲ್ಲಿ. ಅವುಗಳಿಗೆ ಬರೆದವರ ಹೆಸರಿಲ್ಲ, ಕಳಿಸಿದವರು ಅದನ್ನು ಬರೆದವರಲ್ಲ, ನಗೆಗೆ ಈಡಾದವರು ನೋಡುವುದು ಎಲ್ಲರೂ ನೋಡಿ ಮುಗಿದ ಮೇಲೆ. ಹೀಗಾಗಿ ಒಂದು ಕಡೆ ತಿರಸ್ಕಾರ ಬೆಳೆದಿದೆ, ಇನ್ನೊಂದು ಕಡೆ ಸಣ್ಣ ಮಾತಿಗೂ ನೋಯುವ, ಕೆರಳುವ ಸ್ವಭಾವ ಬೆಳೆದಿದೆ. ರುಮಾಲು ಸರಿಯಾಗಿದೆ, ಇನ್ನೊಮ್ಮೆ ಬರೆಯಿರಿ ಎಂದು ಉತ್ತರ ಹಾಕಲು ವಿಳಾಸವೇ ಇಲ್ಲದ ನಗೆ ಅದು.

ಮಾಸ್ತರರ ಕಾರ್ಡುಗಳು ಕಲಿಸುವ ಅಳತೆ ಸರಳವಾದದ್ದು: ಯಾರನ್ನು ಕುರಿತು ನಗುತ್ತೇವೆಯೋ ಅವರ ಹೆಸರಿಗೇ ನಮ್ಮ ಹೆಸರು ಹಾಕಿ ತೆರೆದ ಕಾರ್ಡಿನಲ್ಲಿ ಕಳಿಸಬಹುದಾದ ನಗೆ ಒಳ್ಳೆಯ ನಗೆ. ಆ ಅಳತೆಗೆ ಮಾಸ್ತರರ ಕಾಲ ಸೇರಿಸದೆ ಬಿಟ್ಟ ಇನ್ನೊಂದನ್ನು ಈಗ ಸೇರಿಸಬೇಕು: ಹಾಗೆ ಕಾರ್ಡು ಪಡೆಯುವವರಿಗೆ ತಿರುಗಿ ಕಾರ್ಡು ಬರೆಯುವ ಶಕ್ತಿಯೂ ಸಲಿಗೆಯೂ ಇರಬೇಕು. ಪೀಠದ ಅಜ್ಜಾರಿಗೆ ಅದಿತ್ತು, ಜೋಳಿಗೆಯ ಅಯ್ಯನಿಗೆ ಇರಲಿಲ್ಲ, ಕೇರಿಯ ಹುಡುಗನಿಗೆ ಕಾರ್ಡೇ ಬರಲಿಲ್ಲ. ಈ ನಾಲ್ಕು ಊರುಗಳ ಹಳೆಯ ಅಂಗಡಿ, ಮಠ, ಮಿಷನ್ ಮನೆಗಳ ತಂತಿಗಳಲ್ಲಿ ಇಂಥ ಕಾರ್ಡುಗಳು ಇನ್ನೂ ಇರಬಹುದಾದ್ದರಿಂದ ಮನೆ ಕೆಡವುವವರು ಅವುಗಳನ್ನು ರದ್ದಿಗೆ ಹಾಕದೆ, 1939ರಿಂದ ಈ ಭಾಗದ ಇತಿಹಾಸದ ಸಾಮಗ್ರಿಯನ್ನು ಕೂಡಿಸುತ್ತ ಬಂದಿರುವ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯಂಥ ಕಡೆಗೆ ಒಪ್ಪಿಸುವುದು ಉಚಿತ. ಒಪ್ಪಿಸುವಾಗ ಬರೆದವರು ಯಾರು, ಪಡೆದವರು ಯಾರು, ಚಿತ್ರದಲ್ಲಿರುವವರು ಯಾರು ಎಂದು ತಿಳಿದಷ್ಟನ್ನು ಬರೆದಿಡಬೇಕು. ಆ ಓಣಿಯಲ್ಲಿ ಇದ್ದೂ ಚಿತ್ರದಲ್ಲಿ ಇಲ್ಲದವರು ಯಾರು ಎಂಬುದನ್ನು ಬಲ್ಲ ಹಿರಿಯರು ಬದುಕಿರುವಾಗಲೇ ಅದನ್ನೂ ಕೇಳಿ ಬರೆದಿಡಬೇಕು.